ಬದಲಾದ ಪುಟವನ್ನಷ್ಟೇ ನಕಲು ಮಾಡುವುದು ಹೇಗೆ?

ಒಂದು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಸಾವಿರ ಪುಟಗಳಿವೆ ಎಂದುಕೊಳ್ಳೋಣ. ಪ್ರತಿ ಸಂಜೆ ಅದರ ಒಂದು ಪ್ರತಿ ಬೇರೆ ಕಡೆ ಇರಬೇಕು. ಇಂದು ಬರೆದದ್ದು ಮೂರೇ ಪುಟ. ಅದಕ್ಕಾಗಿ ಸಾವಿರ ಪುಟವನ್ನೂ ಯಾರೂ ಜೆರಾಕ್ಸ್ ಮಾಡಿಸುವುದಿಲ್ಲ. ಆ ಮೂರು ಪುಟ ಯಾವುವು ಎಂಬ ಗುರುತು ಇದ್ದರೆ ಸಾಕು. ಕಂಪ್ಯೂಟರ್ ಡಿಸ್ಕಿನ ಬ್ಯಾಕಪ್‌ನಲ್ಲೂ ಇದೇ ಮಾತು.

ಡಿಸ್ಕಿನಲ್ಲಿ ಮಾಹಿತಿ ಬ್ಲಾಕ್ ಎಂಬ ತುಂಡುಗಳಲ್ಲಿ ಇರುತ್ತದೆ. ದೂರದ ಕಂಪ್ಯೂಟರಿನ ಡಿಸ್ಕನ್ನು ನೆಟ್‌ವರ್ಕ್ ಮೂಲಕ ನಮ್ಮದೇ ಡಿಸ್ಕಿನಂತೆ ಬಳಸಲು ನೆಟ್‌ವರ್ಕ್ ಬ್ಲಾಕ್ ಡಿವೈಸ್, ಅಂದರೆ ಎನ್‌ಬಿಡಿ ಎಂಬ ಪ್ರೋಟೋಕಾಲ್ ಇದೆ. 1990ರ ದಶಕದ ಕೊನೆಯಿಂದಲೇ ಲಿನಕ್ಸ್ ಇದನ್ನು ಬಳಸುತ್ತಿದೆ. ಮೊದಲು ಇದರಲ್ಲಿದ್ದ ಆದೇಶಗಳು ಕೆಲವೇ: ಓದು, ಬರೆ, ಸಂಪರ್ಕ ಮುಗಿಸು. ಏನು ಬದಲಾಗಿದೆ ಎಂದು ಕೇಳಲು ದಾರಿ ಇರಲಿಲ್ಲ. ಅದಕ್ಕಾಗಿ ಮುಂದೆ ಬಂದದ್ದು 'ಬ್ಲಾಕ್ ಸ್ಟೇಟಸ್' ಆದೇಶ.

ಬದಲಾದ ಭಾಗಗಳ ಗುರುತುಪಟ್ಟಿಗೆ ಬಿಟ್‌ಮ್ಯಾಪ್ ಎನ್ನುತ್ತಾರೆ. ಒಂದು ತುಂಡಿಗೆ ಒಂದು ಬಿಟ್: ಬದಲಾಗಿದ್ದರೆ 1, ಇಲ್ಲದಿದ್ದರೆ 0. 64 ಕೆಬಿಗೆ ಒಂದು ಬಿಟ್ ಇಟ್ಟರೆ 100 ಜಿಬಿ ಡಿಸ್ಕಿನ ಪಟ್ಟಿಗೆ ಬೇಕಾಗುವ ಜಾಗ ಕೇವಲ 200 ಕೆಬಿ!

ಆದರೆ 'ಬದಲಾಗಿದೆ' ಎಂದರೆ ಯಾವಾಗಿನಿಂದ? ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಬೇಗ ಅರ್ಥವಾಗುತ್ತದೆ. ತಾರೀಖು ಇಲ್ಲದ ಆರಂಭಿಕ ಶಿಲ್ಕಿಗೆ ಬೆಲೆಯಿಲ್ಲ. ಎನ್‌ಬಿಡಿ ಈ ತಾರೀಖನ್ನು ತಾನು ನಿರ್ಧರಿಸುವುದಿಲ್ಲ. ಸರ್ವರ್ ತನ್ನ ಪಟ್ಟಿಗಳಿಗೆ ಹೆಸರು ಕೊಡುತ್ತದೆ. ಕೇಳುವವರು ಸಂಪರ್ಕದ ಆರಂಭದಲ್ಲೇ ಬೇಕಾದ ಹೆಸರನ್ನು ಆರಿಸುತ್ತಾರೆ. ಹೀಗಾಗಿ ಭಾನುವಾರದಿಂದ ಒಂದು ಪಟ್ಟಿ, ನಿನ್ನೆಯಿಂದ ಇನ್ನೊಂದು ಪಟ್ಟಿ ಒಟ್ಟಿಗೇ ಇರಬಹುದು. ಡಿಸ್ಕಿನ ಯಾವ ಭಾಗ ಖಾಲಿ ಇದೆ ಎಂದು ತಿಳಿಯಲೂ ಇದೇ ಆದೇಶ ಸಾಕು.

ಉತ್ತರವೂ ಚಿಕ್ಕದು. ಒಂದೊಂದೇ ತುಂಡನ್ನು ಹೆಸರಿಸದೆ, 'ಮೊದಲ 10 ಎಂಬಿ ಹಾಗೆಯೇ ಇದೆ, ಮುಂದಿನ 128 ಕೆಬಿ ಬದಲಾಗಿದೆ' ಎಂಬಂತೆ ಉದ್ದ ಮತ್ತು ಸ್ಥಿತಿಯನ್ನು ಮಾತ್ರ ಹೇಳುತ್ತದೆ.

ಇಲ್ಲಿ ಎರಡು ಬಗೆಯ ತಪ್ಪು ಸಾಧ್ಯ. ಬದಲಾಗದ ತುಂಡನ್ನು ಬದಲಾಗಿದೆ ಎಂದರೆ ಸ್ವಲ್ಪ ಸಮಯ ನಷ್ಟ, ಅಷ್ಟೇ. ಬದಲಾದದ್ದನ್ನು ಬಿಟ್ಟರೆ ಮಾಹಿತಿಯೇ ನಷ್ಟ. ಅದು ತಿಳಿಯುವುದು ಡಿಸ್ಕು ಕೆಟ್ಟು, ಬ್ಯಾಕಪ್ ತೆರೆದ ದಿನ. ಆದ್ದರಿಂದ ಅನುಮಾನವಿದ್ದರೆ 'ಬದಲಾಗಿದೆ' ಎನ್ನುವುದೇ ಕ್ಷೇಮ. ಕ್ಯೂಎಮು ಎಂಬ ತಂತ್ರಾಂಶ ಬಳಸುವ ಕ್ಯೂಕೌ2 ಕಡತಗಳಲ್ಲಿ, ಪಟ್ಟಿ ಬಳಕೆಯಲ್ಲಿದ್ದಾಗ ಅದರ ಮೇಲೆ ಒಂದು ಗುರುತು ಇರುತ್ತದೆ. ಪಟ್ಟಿ ಸರಿಯಾಗಿ ಉಳಿಯುವ ಮೊದಲೇ ಕರೆಂಟು ಹೋದರೆ ಆ ಗುರುತು ಹಾಗೆಯೇ ನಿಲ್ಲುತ್ತದೆ. ಅಂಥ ಪಟ್ಟಿಯನ್ನು ನಂಬುವಂತಿಲ್ಲ. ಪೂರ್ತಿ ನಕಲನ್ನೇ ಮತ್ತೆ ಮಾಡಬೇಕು.

ನಮ್ಮ ಪ್ರಾಜೆಕ್ಟ್ ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕುವಾಗಲೂ ಇದೇ ನಿಯಮ ಪಾಲಿಸೋಣ: ಕೊನೆಯ ನಕಲಿನ ತಾರೀಖು ಬರೆದಿಡೋಣ, ಅನುಮಾನ ಬಂದರೆ ಪೂರ್ತಿ ನಕಲು ಮಾಡೋಣ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ