ಗದ್ದೆಯ ಕೆಸರಿನಿಂದ ಮೂಳೆ ಸೋಂಕು: ಮೆಲಿಯಾಯ್ಡೋಸಿಸ್ ಪತ್ತೆ, ಚಿಕಿತ್ಸೆ ಮತ್ತು ದಾಖಲೆ

ಮುಂಗಾರಿನ ಉಳುಮೆ ಹಾಗೂ ನಾಟಿಯ ಸಮಯದಲ್ಲಿ ಬರಿಗಾಲಿನಲ್ಲಿ ಕೆಸರಿಗಿಳಿಯುವ ರೈತರಿಗೆ ಮೆಲಿಯಾಯ್ಡೋಸಿಸ್ ಎಂಬ ಸೋಂಕು ತಗಲುವ ಸಾಧ್ಯತೆಯಿದೆ. ಉಷ್ಣವಲಯದ ಮಣ್ಣು ಮತ್ತು ನೀರಿನಲ್ಲಿ ಬದುಕುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲ್ಲಿ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಇದು ಚರ್ಮದ ಗಾಯ, ಉಸಿರು ಅಥವಾ ಕಲುಷಿತ ನೀರಿನ ಮೂಲಕ ದೇಹವನ್ನು ಸೇರುತ್ತದೆ. ಉಡುಪಿ ಹಾಗೂ ದಕ್ಷಿಣ ಕನ್ನಡ ಸೇರಿದಂತೆ ನಮ್ಮ ಕರಾವಳಿಯಲ್ಲಿ ಈ ರೋಗ ವರದಿಯಾಗಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಮೂತ್ರಪಿಂಡದ ತೊಂದರೆ ಮತ್ತು ಅತಿಯಾದ ಮದ್ಯಪಾನವೂ ಅಪಾಯವನ್ನು ಹೆಚ್ಚಿಸುತ್ತವೆ.

ಲಕ್ಷಣಗಳು

ಸಾಮಾನ್ಯವಾಗಿ 1ರಿಂದ 21 ದಿನಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ವರ್ಷಗಳ ಕಾಲ ಅಡಗಿರುವುದೂ ಉಂಟು. ರಕ್ತದ ಮೂಲಕ ಮೂಳೆ ಅಥವಾ ಕೀಲನ್ನು ತಲುಪಿದಾಗ ಜ್ವರ, ಬಾವು, ಒಂದೇ ಜಾಗದಲ್ಲಿ ಬಿಡದ ನೋವು ಮತ್ತು ಕೀವು ಕಂಡುಬರುತ್ತವೆ. ನಿಧಾನವಾಗಿ ಬೆಳೆದಾಗ ತೂಕ ಇಳಿದು, ಕ್ಷಯರೋಗದಂತೆಯೇ ತೋರುತ್ತದೆ. ಜ್ವರದೊಂದಿಗೆ ಬಂದ ಇಂತಹ ನೋವನ್ನು ಉಳುಕೆಂದು ಭಾವಿಸಿ ಎಣ್ಣೆ ತಿಕ್ಕಿಸುತ್ತಾ ದಿನ ಕಳೆಯಬಾರದು.

ಪತ್ತೆ

ಆರಂಭದ ದಿನಗಳಲ್ಲಿ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು. ಎಂಆರ್‌ಐ ಸೋಂಕಿನ ಜಾಗವನ್ನು ತೋರಿಸುತ್ತದೆಯೇ ಹೊರತು ರೋಗಾಣುವನ್ನಲ್ಲ. ರಕ್ತ, ಕೀವು ಅಥವಾ ಕೀಲಿನ ದ್ರವದ ಕಲ್ಚರ್ ಪರೀಕ್ಷೆಯೇ ನಿರ್ಣಾಯಕ. ಸಾಧ್ಯವಾದಷ್ಟು ಮಟ್ಟಿಗೆ ಆಂಟಿಬಯೋಟಿಕ್ ಆರಂಭಿಸುವ ಮುನ್ನವೇ ಮಾದರಿ ಪಡೆಯಬೇಕು. ಪ್ರಯೋಗಾಲಯದಲ್ಲಿ ಈ ರೋಗಾಣುವನ್ನು ಬೇರೊಂದೆಂದು ತಪ್ಪಾಗಿ ಗುರುತಿಸುವ ಸಂಭವವಿರುವುದರಿಂದ ಗದ್ದೆ ಕೆಲಸ, ಗಾಯ ಹಾಗೂ ಸಕ್ಕರೆ ಕಾಯಿಲೆಯ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸಿರಿ. ಒಮ್ಮೆ ರೋಗಾಣು ಬೆಳೆಯದಿದ್ದರೂ ಸಂದೇಹವಿದ್ದಲ್ಲಿ ಪರೀಕ್ಷೆಯನ್ನು ಪುನಃ ಮಾಡಿಸಬೇಕು.

ಚಿಕಿತ್ಸೆ

ಚಿಕಿತ್ಸೆಯು ಎರಡು ಹಂತಗಳಲ್ಲಿ ನಡೆಯುತ್ತದೆ.

1. ಮೊದಲು ಆಸ್ಪತ್ರೆಯಲ್ಲಿ ಸೆಫ್ಟಾಜಿಡಿಮ್ ಅಥವಾ ಮೆರೋಪೆನಮ್ ಔಷಧವನ್ನು ರಕ್ತನಾಳದ ಮೂಲಕ ನೀಡಲಾಗುತ್ತದೆ. ಕೀಲಿನ ಸೋಂಕಿಗೆ ಸುಮಾರು 4 ವಾರ, ಮೂಳೆ ಸೋಂಕಿಗೆ ಕನಿಷ್ಠ 6 ವಾರ ಬೇಕಾಗುತ್ತದೆ. ಕೀವು ತುಂಬಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ.
2. ಅನಂತರ ಕೋ-ಟ್ರೈಮಾಕ್ಸಜೋಲ್ ಮಾತ್ರೆಯನ್ನು ಕನಿಷ್ಠ 3 ತಿಂಗಳು, ಮೂಳೆ ಸೋಂಕಿದ್ದಲ್ಲಿ ಸಾಮಾನ್ಯವಾಗಿ 6 ತಿಂಗಳು ಸೇವಿಸಬೇಕು.

ನೋವು ಕಡಿಮೆಯಾದ ಮಾತ್ರಕ್ಕೆ ರೋಗ ವಾಸಿಯಾಯಿತೆಂದು ತಿಳಿಯಬಾರದು. ಮಾತ್ರೆಯನ್ನು ನಡುವೆಯೇ ನಿಲ್ಲಿಸಿದರೆ ರೋಗ ಮರುಕಳಿಸಿ ಪ್ರಾಣಕ್ಕೇ ಎರವಾಗಬಹುದು. ಮೈಮೇಲೆ ದದ್ದು ಎದ್ದರೆ ಅಥವಾ ಮೂತ್ರ ಕಡಿಮೆಯಾದರೆ ಕೂಡಲೇ ವೈದ್ಯರನ್ನು ಕಾಣಿರಿ. ಪೆನಿಸಿಲಿನ್, ಜೆಂಟಾಮೈಸಿನ್ ಮುಂತಾದ ಔಷಧಗಳಿಗೆ ಈ ರೋಗಾಣು ಸಾಮಾನ್ಯವಾಗಿ ಬಗ್ಗುವುದಿಲ್ಲವಾದ್ದರಿಂದ ಅಂಗಡಿಯಿಂದ ತಾವೇ ಔಷಧ ತಂದು ಸೇವಿಸಬಾರದು.

ದಾಖಲೆ

ಒಂದು ಪುಸ್ತಕದಲ್ಲಿ ಈ ವಿವರಗಳನ್ನು ಬರೆದಿಡಿರಿ:

• ಜ್ವರ ಹಾಗೂ ನೋವು ಆರಂಭವಾದ ದಿನ, ಅದಕ್ಕೆ ಮುನ್ನ ಮಾಡಿದ ಗದ್ದೆ ಕೆಲಸ, ಆದ ಗಾಯ
• ಔಷಧದ ಹೆಸರು, ಪ್ರಮಾಣ, ಆರಂಭಿಸಿದ ಮತ್ತು ಮುಗಿಸಬೇಕಾದ ದಿನಾಂಕ
• ರಕ್ತ, ಮೂತ್ರಪಿಂಡ ಮತ್ತು ಸಕ್ಕರೆ ಪರೀಕ್ಷೆಗಳ ಫಲಿತಾಂಶ

ಕಲ್ಚರ್ ವರದಿ ಮತ್ತು ಡಿಸ್ಚಾರ್ಜ್ ಪತ್ರವನ್ನು ಜೋಪಾನವಾಗಿಡಿ. ವರ್ಷಗಳ ನಂತರ ಜ್ವರ ಮರಳಿದರೂ, ಈ ಕಾಗದಗಳನ್ನು ನೋಡಿ ವೈದ್ಯರು ಸರಿಯಾದ ಚಿಕಿತ್ಸೆಯನ್ನು ತಡವಿಲ್ಲದೆ ಆರಂಭಿಸಬಲ್ಲರು. ವಿಸ್ತರಣಾ ಕಾರ್ಯಕರ್ತರು ಸಂದೇಹಾಸ್ಪದ ರೋಗಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಸಭೆಗಳಲ್ಲಿ ಅವರ ಹೆಸರನ್ನು ಪ್ರಸ್ತಾಪಿಸಬಾರದು.

ಮುಂಜಾಗ್ರತೆ

ಈ ರೋಗಕ್ಕೆ ಲಸಿಕೆಯಿಲ್ಲ. ಗದ್ದೆಗಿಳಿಯುವಾಗ ಗಂಬೂಟು ಮತ್ತು ಕೈಗವಸು ಧರಿಸಿರಿ, ಗಾಯಗಳನ್ನು ನೀರು ತಾಗದಂತೆ ಮುಚ್ಚಿರಿ, ಕೆಲಸ ಮುಗಿದೊಡನೆ ಸೋಪಿನಿಂದ ಕೈಕಾಲು ತೊಳೆಯಿರಿ, ಕುದಿಸಿ ಆರಿಸಿದ ನೀರನ್ನು ಕುಡಿಯಿರಿ. ಸಕ್ಕರೆ ಕಾಯಿಲೆ ಇರುವವರು ಕಾಲಿನಲ್ಲಿ ಗಾಯವಿದ್ದರೆ, ಅದು ಮಾಯುವವರೆಗೆ ಕೆಸರಿಗಿಳಿಯದಿರುವುದು ಉತ್ತಮ.