ಗಾಜಿನ ಕೊಳದ ಒಕ್ಕಲು

ಬಣ್ಣದ ಮೀನುಗಳನ್ನು ಮಾರುವ ಅಂಗಡಿಯೊಳಕ್ಕೆ ಕಾಲಿಟ್ಟವರಿಗೆ ಆಯ್ಕೆಯೆಂಬುದು ಬಹು ಸುಲಭದ ಕೆಲಸವಾಗಿ ತೋರುವುದು. ಒಂದು ತೊಟ್ಟಿಯಲ್ಲಿ ನೀಲಿಯ ಮಿಂಚು ಹರಿದಾಡುತ್ತಿರುತ್ತದೆ. ಪಕ್ಕದ ತೊಟ್ಟಿಯಲ್ಲಿ ಕೆಂಡದಂತಹ ಕೆಂಪು. ಅದರಾಚೆ ಹುಲಿಯ ಪಟ್ಟೆ. ಇದರಲ್ಲೊಂದು, ಅದರಲ್ಲೆರಡು ಎಂದು ಬೆರಳು ತೋರಿಸಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹನ್ನೆರಡು ಮೀನುಗಳನ್ನು ಮನೆಗೆ ತಂದು, ಅಂದೇ ಕೊಂಡ ಹೊಸ ತೊಟ್ಟಿಗೆ ಬಿಟ್ಟಾಗ ಮನೆಮಂದಿಯೆಲ್ಲ ಸುತ್ತ ನೆರೆದು ನೋಡುವರು. ಎರಡು ವಾರ ಕಳೆಯುವಷ್ಟರಲ್ಲಿ ಹನ್ನೆರಡರಲ್ಲಿ ಉಳಿಯುವುವು ಮೂರೋ ನಾಲ್ಕೋ. ಮೀನು ಸಾಕುವುದು ನಮ್ಮ ಕೈಗೆ ಹತ್ತುವ ಕೆಲಸವಲ್ಲವೆಂದು ಕೊನೆಗೆ ತೊಟ್ಟಿಯನ್ನು ಅಟ್ಟಕ್ಕೇರಿಸುವುದೂ ಉಂಟು.

ಇಲ್ಲಿ ಕೈಯ ದೋಷವೇನೂ ಇಲ್ಲ. ಕಣ್ಣಿಗೆ ಒಪ್ಪಿದ ಮೀನುಗಳು ನಮ್ಮ ಮನೆಯ ನೀರಿಗೆ ಒಪ್ಪುವುವೆ, ಆ ತೊಟ್ಟಿಯ ಅಳತೆಗೆ ಒಪ್ಪುವುವೆ, ಒಂದಕ್ಕೊಂದು ಒಪ್ಪುವುವೆ ಎಂದು ಯಾರೂ ಕೇಳಲಿಲ್ಲ, ಅಷ್ಟೆ. ಈ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ, ಬಣ್ಣದ ಮಾತನ್ನು ಕೊನೆಗೆ ಇಟ್ಟುಕೊಂಡರೆ, ಚಿಕ್ಕ ತೊಟ್ಟಿಯಲ್ಲಿಯೂ ಮೀನುಗಳು ವರ್ಷಗಟ್ಟಲೆ ಸುಖವಾಗಿ ಬಾಳುವುವು. ಅದು ಹೇಗೆಂಬುದನ್ನು ವಿಚಾರ ಮಾಡೋಣ.

ಹಳೆಯದೊಂದು ಪ್ರಯೋಗ

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1850ರಲ್ಲಿ ತನ್ನದೊಂದು ಪ್ರಯೋಗವನ್ನು ಪ್ರಕಟಿಸಿದನು. ದೊಡ್ಡದೊಂದು ಗಾಜಿನ ಪಾತ್ರೆಯಲ್ಲಿ ಮರಳನ್ನು ಹಾಸಿ, ನೀರು ತುಂಬಿ, ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ನೆಟ್ಟು, ಎರಡು ಚಿಕ್ಕ ಹೊಂಬಣ್ಣದ ಮೀನುಗಳನ್ನು ಅವನು ಬಿಟ್ಟಿದ್ದನು. ಮೀನು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಗಿಡ ಹೀರಿಕೊಂಡು, ಬೆಳಕಿನಲ್ಲಿ ಆಮ್ಲಜನಕವನ್ನು ಹಿಂದಕ್ಕೆ ಕೊಡಬೇಕೆಂಬುದು ಅವನ ಲೆಕ್ಕ. ಕೆಲವು ದಿನ ಎಲ್ಲವೂ ಸರಿಯಾಗಿ ನಡೆಯಿತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದುವು, ನೀರು ತಿಳಿಯಾಯಿತು, ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವೂ ಆದುವು.

ಮನೆಯ ಮೀನಿನ ತೊಟ್ಟಿಯ ಕಥೆ ಹೀಗೆ ಮೊದಲಿನಿಂದಲೂ ಒಕ್ಕಲುಗಳನ್ನು ಹೊಂದಿಸುವ ಕಥೆಯೇ. ಆದರೆ ವಾರಿಂಗ್‌ಟನ್ನನ ಪಾತ್ರೆಯಲ್ಲಿ ಅವನ ಕಣ್ಣಿಗೆ ಬೀಳದ ಇನ್ನೊಂದು ಒಕ್ಕಲೂ ಇದ್ದಿತು.

ಕಾಣದ ಒಕ್ಕಲು

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಸದಾ ಹೊರಚೆಲ್ಲುತ್ತಿರುವುದು. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುವುದು ಅದೇ. ಅಮೋನಿಯ ಮೀನಿಗೆ ಘೋರ ವಿಷ. ನದಿಯಲ್ಲಿ ಅದು ಕೊಚ್ಚಿಹೋಗುವುದು; ನಾಲ್ಕು ಗಾಜಿನ ಗೋಡೆಗಳ ನಡುವೆ ಹೋಗುವುದೆಲ್ಲಿಗೆ? ಮರಳಿನ ಕಣಗಳ ಮೇಲೆ, ಸೋಸುಗದ ಸ್ಪಂಜಿನ ಮೇಲೆ ನೆಲಸುವ ಕೆಲವು ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುವುವು. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕವನ್ನು ಹೊರದಂತೆ ಅದು ತಡೆಯುವುದು. ಬೇರೆ ಬ್ಯಾಕ್ಟೀರಿಯಗಳು ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುವುವು. ನೈಟ್ರೇಟಿನ ಕೇಡು ಬಹು ಕಡಿಮೆ. ಗಿಡಗಳಿಗೆ ಅದು ಗೊಬ್ಬರ. ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಲ್ಲಿ ನಡೆಯುವ ಇದೇ ಕ್ರಿಯೆಯ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ತೋರಿಸಿದನು. ಎರಡು ಹಂತಗಳಿಗೂ ಬೇರೆಬೇರೆ ಜೀವಿಗಳೇ ಬೇಕೆಂದು ಬಹುಕಾಲ ನಂಬಿದ್ದರು. ನೈಟ್ರೊಸ್ಪೈರ ಕುಲದ ಕೆಲವು ಬ್ಯಾಕ್ಟೀರಿಯಗಳು ಎರಡನ್ನೂ ತಾವೇ ಮಾಡಬಲ್ಲುವೆಂದು ತಿಳಿದುಬಂದುದು 2015ರಲ್ಲಿ.

ಹೊಸ ತೊಟ್ಟಿಯಲ್ಲಿ ಈ ಕಾಣದ ಒಕ್ಕಲು ಇನ್ನೂ ನೆಲಸಿರುವುದಿಲ್ಲ. ಅದು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಂದೇ ತಂದು ಬಿಟ್ಟ ಹನ್ನೆರಡು ಮೀನುಗಳು ತಮ್ಮ ವಿಷದಲ್ಲಿ ತಾವೇ ಸತ್ತುವು. ಆದುದರಿಂದ ತೊಟ್ಟಿಯನ್ನು ಸಿದ್ಧಪಡಿಸಿ, ಮೀನಿಲ್ಲದೆಯೇ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ ಕಾಯಬೇಕು. ಅಮೋನಿಯ, ನೈಟ್ರೈಟುಗಳನ್ನು ಪರೀಕ್ಷಿಸುವ ದ್ರಾವಣಗಳು ಅಂಗಡಿಯಲ್ಲಿ ದೊರೆಯುವುವು. ಎರಡೂ ಮೊದಲು ಏರಿ ಅನಂತರ ಸೊನ್ನೆಗಿಳಿದರೆ ಮನೆ ಸಿದ್ಧವಾಯಿತೆಂದು ತಿಳಿಯಬಹುದು. ಆಮೇಲೂ ಮೀನುಗಳನ್ನು ಮೂರು ನಾಲ್ಕರಂತೆ, ವಾರಗಳ ಅಂತರದಲ್ಲಿ ಬಿಡಬೇಕು.

ಮೊದಲನೆಯ ಪ್ರಶ್ನೆ: ನೀರು

ನಮ್ಮ ಮನೆಯ ನೀರು ಎಂತಹುದು? ಇದಕ್ಕೆ ಉತ್ತರ ಬಚ್ಚಲುಮನೆಯಲ್ಲಿಯೇ ಇದೆ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಸುಣ್ಣದ ಪದರ ಕಟ್ಟಿದ್ದರೆ, ಸಾಬೂನು ನೊರೆ ಬರಲು ಹಟ ಮಾಡಿದರೆ, ಅದು ಗಡಸು ನೀರು. ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಇಂತಹುದು, ಕ್ಷಾರಗುಣ ಉಳ್ಳದ್ದು. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಗಳ ನೀರಾದರೋ ಸಾಮಾನ್ಯವಾಗಿ ಮೆದು. ಕೊಂಚ ಆಮ್ಲಗುಣ ಉಳ್ಳದ್ದು.

ಮೀನುಗಳಿಗೂ ಹೀಗೆಯೇ ತವರಿನ ನೀರೊಂದು ಇರುವುದು. ನೀಲಿ ಕೆಂಪು ಗೆರೆಗಳ ನಿಯಾನ್ ಟೆಟ್ರ ಅಮೆಜಾನ್ ನದಿಯ ಉಪನದಿಗಳದು. ಅಲ್ಲಿಯ ನೀರು ಕಾಡಿನ ಕೊಳೆತ ಎಲೆಗಳ ಸಾರವನ್ನು ಹೀರಿ ಚಹದ ಕಷಾಯದಂತೆ ಕಂದಾಗಿರುವುದುಂಟು. ಬಹು ಮೆದು, ಆಮ್ಲೀಯ. ಗಪ್ಪಿಯ ತವರು ಟ್ರಿನಿಡಾಡ್ ದ್ವೀಪ, ವೆನೆಜುವೆಲ ಮೊದಲಾದ ಕಡೆ. ಗಡಸು ನೀರು ಅದಕ್ಕೆ ಹಿತ. ಇವೆರಡನ್ನೂ ಒಂದೇ ತೊಟ್ಟಿಯಲ್ಲಿ ಇಡುವುದೆಂದರೆ ಒಂದನ್ನು ಸದಾ ಪರಸ್ಥಳದಲ್ಲಿ ಇರಿಸಿದಂತೆ. ಸಾಕಣೆಕೇಂದ್ರಗಳಲ್ಲಿ ಹುಟ್ಟಿ ಬೆಳೆದ ಟೆಟ್ರಗಳು ಕೊಂಚ ಗಡಸನ್ನು ತಾಳಿಕೊಳ್ಳುವುವು, ನಿಜ. ಆದರೆ ತಾಳಿಕೊಳ್ಳುವುದು ಬೇರೆ, ಬಾಳುವುದು ಬೇರೆ. ನೀರಿನ ಗುಣವನ್ನು ಮೀನಿಗಾಗಿ ಬದಲಿಸ ಹೋಗುವುದಕ್ಕಿಂತ ನಮ್ಮ ನೀರಿಗೆ ಹೊಂದುವ ಮೀನನ್ನು ತರುವುದೇ ಜಾಣತನ.

ಇನ್ನೊಂದು ಅಂಶವನ್ನೂ ಇಲ್ಲಿ ನೆನಪಿಡಬೇಕು. ಅಮೋನಿಯದ ವಿಷ ಕ್ಷಾರೀಯ ನೀರಿನಲ್ಲಿ ಹೆಚ್ಚು ತೀಕ್ಷ್ಣ. ಪಿಎಚ್ ಏಳರಿಂದ ಎಂಟಕ್ಕೆ ಏರಿದರೆ ಅಮೋನಿಯದ ವಿಷಕಾರಿ ರೂಪ ಸುಮಾರು ಹತ್ತು ಮಡಿಯಾಗುವುದು. ಗಡಸು ನೀರಿನ ಮನೆಯವರು ಕಾಯುವ ವಿಷಯದಲ್ಲಿ ಇನ್ನಷ್ಟು ತಾಳ್ಮೆಯಿಂದಿರಬೇಕು.

ಎರಡನೆಯ ಪ್ರಶ್ನೆ: ಸ್ಥಳ

ಉದ್ದ 60, ಅಗಲ 30, ಎತ್ತರ 30 ಸೆಂಟಿಮೀಟರುಗಳ ತೊಟ್ಟಿಯೊಂದನ್ನು ತೆಗೆದುಕೊಳ್ಳೋಣ. ಗುಣಿಸಿದರೆ 54 ಲೀಟರು. ಮೇಲೆ ಬಿಡುವ ಜಾಗವನ್ನೂ ಕೆಳಗಿನ ಮರಳನ್ನೂ ಕಳೆದರೆ ನಿಜವಾಗಿ ಹಿಡಿಯುವ ನೀರು 40 ಲೀಟರಿನ ಸುಮಾರು. ಇದೇ ತೊಟ್ಟಿಯನ್ನು ನೆಟ್ಟಗೆ ನಿಲ್ಲಿಸಿದಂತೆ 60 ಸೆಂಟಿಮೀಟರು ಎತ್ತರಕ್ಕೆ ಮಾಡಿಸಿದರೆ ಹಿಡಿಯುವ ನೀರು ಅಷ್ಟೇ. ಆದರೆ ಗಾಳಿಗೆ ತೆರೆದ ಮೇಲ್ಮೈ 1,800 ಚದರ ಸೆಂಟಿಮೀಟರಿನಿಂದ 900ಕ್ಕೆ ಇಳಿಯುವುದು. ಆಮ್ಲಜನಕ ನೀರಿಗಿಳಿಯುವುದು ಮುಖ್ಯವಾಗಿ ಆ ಮೇಲ್ಮೈಯಿಂದ. ಎತ್ತರದ ತೊಟ್ಟಿ, ಕತ್ತಿನವರೆಗೆ ತುಂಬಿದ ಗುಂಡುಪಾತ್ರೆ ಇವು ಕಣ್ಣಿಗೆ ಅಂದ, ಮೀನಿಗೆ ಉಸಿರುಗಟ್ಟು.

ನೀರಿನ ಅಳತೆಗೆ ಸರಿಯಾಗಿ ಮೀನುಗಳ ಉದ್ದವನ್ನು ಕೂಡಿಸಿ ಲೆಕ್ಕ ಹಾಕುವ ರೂಢಿಯೊಂದುಂಟು. ಇದು ಮೋಸದ ಲೆಕ್ಕ. ಎರಡೂವರೆ ಸೆಂಟಿಮೀಟರಿನ ನಾಲ್ಕು ಮೀನುಗಳೂ ಹತ್ತು ಸೆಂಟಿಮೀಟರಿನ ಒಂದು ಮೀನೂ ಈ ಲೆಕ್ಕಕ್ಕೆ ಸಮ. ಆದರೆ ಹತ್ತು ಸೆಂಟಿಮೀಟರಿನದು ಉದ್ದ, ಅಗಲ, ದಪ್ಪ ಮೂರರಲ್ಲಿಯೂ ನಾಲ್ಕು ಮಡಿ; ಆಕಾರ ಒಂದೇ ಆದರೆ ತೂಕದಲ್ಲಿ ಅದು ಒಂದು ಚಿಕ್ಕ ಮೀನಿನ 64 ಮಡಿ! ಅದರ ಊಟವೂ ಹೊಲಸೂ ಆ ತೂಕವನ್ನು ಅನುಸರಿಸಿ ಬಹುವಾಗಿ ಹೆಚ್ಚುವುವು.

ಅಂಗಡಿಯಲ್ಲಿ ಬೆರಳುದ್ದವಿರುವ ಮೀನು ಮರಿ ಎಂಬುದನ್ನು ಮರೆಯಬಾರದು. ಗೋಲ್ಡ್‌ಫಿಷ್ ಇಪ್ಪತ್ತು ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲುದು. ತಂಪು ನೀರನ್ನು ಬಯಸುವುದು. ಪಾಚಿ ತಿನ್ನುವುದೆಂದು ಮಾರುವ ಸಕ್ಕರ್ ಮೀನು ನಲವತ್ತು ಸೆಂಟಿಮೀಟರನ್ನು ಮುಟ್ಟುವುದುಂಟು. ನಮ್ಮ ಸಹ್ಯಾದ್ರಿಯದೇ ಆದ ಡೆನಿಸನ್ ಬಾರ್ಬ್, ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳ ಚೆಲುವ, ಹತ್ತು ಸೆಂಟಿಮೀಟರನ್ನು ದಾಟಿ ಬೆಳೆದು ಗುಂಪಾಗಿ ಹರಿಯುವ ನೀರಿನಲ್ಲಿ ಈಜುವಂತಹುದು. ಈ ತೊಟ್ಟಿ ಅದಕ್ಕೆ ಸೆರೆಮನೆ. ಅಳಿವಿನಂಚಿನ ಪಟ್ಟಿಗೂ ಅದು ಸೇರಿರುವುದರಿಂದ, ದೊಡ್ಡ ತೊಟ್ಟಿಯುಳ್ಳವರೂ ಹೊಳೆಯಲ್ಲಿ ಹಿಡಿದುದನ್ನು ಕೊಳ್ಳಬಾರದು.

ಮೂರನೆಯ ಪ್ರಶ್ನೆ: ಸ್ವಭಾವ

ನೀರೂ ಸ್ಥಳವೂ ಒಪ್ಪಿದರೆ ಸಾಲದು. ಸುಮಾತ್ರದ ಹುಲಿಪಟ್ಟೆಯ ಬಾರ್ಬ್ ಮೀನು ನೀಳವಾದ ಈಜುರೆಕ್ಕೆಗಳನ್ನು ಕಂಡರೆ ಕಚ್ಚದೆ ಬಿಡದು. ಏಂಜೆಲ್ ಮೀನಿನ ಜೊತೆಗೆ ಅದನ್ನಿಟ್ಟರೆ ಏಂಜೆಲ್ಲಿನ ರೆಕ್ಕೆ ಚಿಂದಿಯಾಗುವುದು. ಆ ಏಂಜೆಲ್ಲಾದರೂ ಸಾಧುವೆ? ಬೆಳೆದಮೇಲೆ ನಿಯಾನ್ ಟೆಟ್ರಗಳನ್ನು ಅದು ಒಂದೊಂದಾಗಿ ನುಂಗಬಲ್ಲುದು. ಬಾಯೊಳಗೆ ಹಿಡಿಯುವುದೆಲ್ಲ ಆಹಾರ ಎಂಬುದು ಮೀನುಗಳ ಲೋಕದ ಸರಳ ನ್ಯಾಯ. ಥಾಯ್‌ಲೆಂಡಿನ ಕಾಳಗದ ಮೀನಾದ ಬೆಟ್ಟದ ಗಂಡುಗಳೆರಡು ಒಂದೆಡೆ ಇರಲಾರವು. ಗಪ್ಪಿಯ ಬಣ್ಣದ ಬಾಲವನ್ನು ಕಂಡು ಅದೂ ತನ್ನ ಎದುರಾಳಿಯೆಂದು ಬಗೆದು ಎರಗುವುದೂ ಉಂಟು.

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ಟೆಟ್ರ, ರಾಸ್ಬೋರ, ಜೀಬ್ರ ಮೀನು ಇವೆಲ್ಲ ಹಿಂಡಿನಲ್ಲಿ ಬಾಳುವ ಜೀವಿಗಳು. ಜಾತಿಗೊಂದರಂತೆ ತಂದರೆ ಅವು ಜಗಳವಾಡದಿದ್ದರೂ ಹೆದರಿ ಮೂಲೆ ಸೇರುವುವು, ಬಣ್ಣ ಮಾಸುವುದು, ರೋಗಕ್ಕೆ ಸುಲಭವಾಗಿ ತುತ್ತಾಗುವುವು. ಆರಕ್ಕೆ ಕಡಿಮೆಯಾದ ಹಿಂಡು ಹಿಂಡಲ್ಲ. ಐದು ಜಾತಿಯ ಐದು ಮೀನುಗಳಿಗಿಂತ ಒಂದೇ ಜಾತಿಯ ಎಂಟು ಮೀನುಗಳು ಚಿಕ್ಕ ತೊಟ್ಟಿಗೆ ಹೆಚ್ಚು ಶೋಭೆ, ಹೆಚ್ಚು ಕ್ಷೇಮ.

ಮೂರು ಸಂಸಾರಗಳು

ಮೇಲಿನ 60 ಸೆಂಟಿಮೀಟರಿನ ತೊಟ್ಟಿಗೆ ಮೂರು ಮಾದರಿಗಳನ್ನು ಸೂಚಿಸಬಹುದು. ಗಡಸು ನೀರಿನ ಮನೆಗೆ ಆರು ಗಂಡು ಗಪ್ಪಿಗಳೂ ಮೂರು ಗಂಡು ಪ್ಲೇಟಿಗಳೂ ಸಾಕು. ಹೆಣ್ಣುಗಳನ್ನು ತಂದರೆ ಸುಮಾರು ತಿಂಗಳಿಗೊಮ್ಮೆ ಮರಿಗಳಾಗಿ ತೊಟ್ಟಿ ತುಂಬಿಹೋಗುವುದು. ಮೆದು ನೀರಿನ ಮನೆಗೆ ಮಲಯ, ಸುಮಾತ್ರಗಳ ಹಾರ್ಲಿಕ್ವಿನ್ ರಾಸ್ಬೋರಗಳು ಎಂಟು. ಅವುಗಳ ನಡುವೆ ಜೇನುಬಣ್ಣದ ಹನಿ ಗೌರಾಮಿ ಒಂದು. ಚಳಿಗಾಲದಲ್ಲಿ ತಣ್ಣಗಾಗುವ ಊರುಗಳಲ್ಲಿ, ನೀರು ಕಾಯಿಸುವ ಸಾಧನವಿಲ್ಲದವರಿಗೆ, ಎಂಟು ಜೀಬ್ರ ಮೀನುಗಳ ಒಂದೇ ಹಿಂಡು.

ಜೀಬ್ರ ಮೀನು, ಹನಿ ಗೌರಾಮಿ ಎರಡೂ ನಮ್ಮ ದೇಶದವು. ಗಂಗಾನದಿಯ ಮೀನುಗಳನ್ನು ಕುರಿತು 1822ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇವನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಕನ್ನಡಿಗರಿಗೆ ಇವನು ಅಪರಿಚಿತನಲ್ಲ: ಬುಕಾನನ್ ಎಂಬ ಹೆಸರಿನಿಂದ 1800-1801ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳನ್ನು ಸುತ್ತಿ ಇಲ್ಲಿಯ ಬೆಳೆ, ಕೆರೆ, ಕಸುಬುಗಳನ್ನು ಬರೆದಿಟ್ಟವನು ಅವನೇ. ಅವನು ವರ್ಣಿಸಿದ ಆ ಪುಟ್ಟ ಪಟ್ಟೆಮೀನು ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಈಜುತ್ತಿದೆ. ಅದರ ಭ್ರೂಣ ಪಾರದರ್ಶಕವಾದುದರಿಂದ ಹೃದಯ ರೂಪುಗೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಜೀವಂತವಾಗಿ ಕಾಣಬಹುದು. ಅದರ ಜೀನೋಮಿನ ಪೂರ್ಣ ವಿವರ ಪ್ರಕಟವಾದುದು 2013ರಲ್ಲಿ.

ಯಾವ ಮಾದರಿಯನ್ನು ಆರಿಸಿದರೂ ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸಬೇಕು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಕಿವಿರುಗಳನ್ನು ಸುಡುವುದಲ್ಲದೆ ಕಾಣದ ಒಕ್ಕಲನ್ನೂ ಕೊಲ್ಲುವುದು. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುವುದು. ಕ್ಲೋರಮಿನ್ ಬೆರೆಸಿದ ನೀರಾದರೆ ಅಂಗಡಿಯ ಶುದ್ಧಿದ್ರಾವಣ ಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು.

ಕೊನೆಯದಾಗಿ ಒಂದು ಮಾತು. ಸಾಕಲಾರದ ಮೀನನ್ನು ಊರ ಕೆರೆಗೆ ಬಿಡುವುದು ಕರುಣೆಯ ಕೆಲಸವೆಂದು ಹಲವರು ಎಣಿಸುವರು. ಹಾಗೆ ತಪ್ಪಿಸಿಕೊಂಡು ಅಥವಾ ಬಿಡಲ್ಪಟ್ಟು ದಕ್ಷಿಣ ಅಮೆರಿಕದ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಕೆರೆ ನದಿಗಳಲ್ಲಿ ಹಬ್ಬಿದೆ. ದಡದ ಮಣ್ಣನ್ನು ಕೊರೆದು ಬಿಲ ಮಾಡುವುದು. ನಾಡಮೀನುಗಳ ಆಹಾರಕ್ಕೆ ಪಾಲುದಾರನಾಗುವುದು. ಮೀನುಗಾರರ ಬಲೆಗಳನ್ನು ಹರಿಯುವುದು. ಒಂದು ಮೀನನ್ನು ಅದರ ಅಳತೆ ತಿಳಿಯದೆ ಕೊಂಡ ತಪ್ಪು ಹೀಗೆ ಕೆರೆಯವರೆಗೂ ಹರಿಯುವುದು. ಆಗದ ಮೀನನ್ನು ಅಂಗಡಿಗೆ ಹಿಂದಿರುಗಿಸಬೇಕು. ಇಲ್ಲವೆ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬೇಕು.

ಮುಂದಿನ ಸಲ ಅಂಗಡಿಗೆ ಹೋಗುವಾಗ ಹಣದ ಜೊತೆಗೆ ಒಂದು ಚೀಟಿಯನ್ನೂ ಒಯ್ಯೋಣ. ಅದರಲ್ಲಿ ನಮ್ಮ ನೀರಿನ ಗುಣ, ತೊಟ್ಟಿಯ ಅಳತೆ, ಈಗಾಗಲೇ ಇರುವ ಮೀನುಗಳ ಹೆಸರು ಇಷ್ಟು ಬರೆದಿದ್ದರೆ ಸಾಕು. ಆ ಚೀಟಿಗೆ ಒಪ್ಪಿದ ಮೀನುಗಳಲ್ಲಿ ಅಂದವಾದುದನ್ನು ಕಣ್ಣು ಆರಿಸಲಿ.