ರಕ್ತ ಏರಿಸುವ ಮೊದಲ ಹದಿನೈದು ನಿಮಿಷ

ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ತೀವ್ರ ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಒಂದೆರಡು ವರ್ಷವಲ್ಲ, ಅಸ್ಥಿಮಜ್ಜೆಯ ಕಸಿ ಆಗದಿದ್ದರೆ ಜೀವಮಾನವಿಡೀ. ಮಗು ದೊಡ್ಡಬಳ್ಳಾಪುರದ ಮಗ್ಗದ ಮನೆಯದ್ದಿರಲಿ, ಹೊಸಕೋಟೆ ಕಡೆಯ ತೋಟದ ಮನೆಯದ್ದಿರಲಿ, ತಾಯಿ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೊರಡುತ್ತಾಳೆ. ರಕ್ತದ ಕಾಯಿಲೆಗೆಂದೇ ಇರುವ ದೊಡ್ಡ ವಾರ್ಡುಗಳು ಇರುವುದು ಅಲ್ಲಿ. 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ, ಅದರ ಆಸುಪಾಸಿನಲ್ಲೇ ಇರುವ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೋರಮಂಗಲದ ಸೇಂಟ್ ಜಾನ್ಸ್: ಈ ಹೆಸರುಗಳು ಅಂಥ ಮನೆಗಳಲ್ಲಿ ನೆಂಟರೂರಿನ ಹೆಸರಿನಷ್ಟೇ ಬಳಕೆಯಲ್ಲಿವೆ.

ಇಂಥ ವಾರ್ಡಿನಲ್ಲಿ ಪಿ.ಜಿ. ಓದುವ ಡಾಕ್ಟರುಗಳು ಮೂರು ವರ್ಷಕ್ಕೆ ಓದು ಮುಗಿಸಿ ಹೋಗುತ್ತಾರೆ. ಮಗುವಿನ ಯಾವ ಕೈಯ ನರ ಸುಲಭವಾಗಿ ಸಿಗುತ್ತದೆ, ಹೋದ ಸಲ ರಕ್ತ ಏರಿಸುವಾಗ ಮೈಮೇಲೆ ದದ್ದು ಎದ್ದಿತ್ತೇ, ಅಪ್ಪ ಮಾತ್ರೆ ತಂದುಕೊಡುತ್ತಿದ್ದಾನೆಯೇ ಎಂಬುದೆಲ್ಲ ನೆನಪಿರುವುದು ಹಿರಿಯ ಸಿಸ್ಟರಿಗೆ. ವೈದ್ಯರು ಚಿಕಿತ್ಸೆ ಬರೆಯುತ್ತಾರೆ. ಆ ಚಿಕಿತ್ಸೆ ಇಪ್ಪತ್ತು ಮೂವತ್ತು ವರ್ಷ ತಪ್ಪದೆ ನಡೆಯುವುದು ದಾದಿಯರ ಕೈಯಲ್ಲಿ. ನಮ್ಮಲ್ಲಿ ಈ ಕೆಲಸಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ರಕ್ತನಿಧಿಯಿಂದ ಚೀಲ ಬಂದಾಗ ಏನಾಗುತ್ತದೆ ನೋಡಿ. ಸಿಸ್ಟರ್ ಮೊದಲು ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಬಣ್ಣ ಕಪ್ಪಾಗಿದೆಯೇ, ಹೆಪ್ಪುಗಟ್ಟಿದೆಯೇ, ಎಲ್ಲಾದರೂ ಸೋರುತ್ತಿದೆಯೇ? ಆಮೇಲೆ ಇಬ್ಬರು ಸೇರಿ, ಮಂಚದ ಪಕ್ಕದಲ್ಲೇ ನಿಂತು, ಚೀಲದ ಸಂಖ್ಯೆ, ಗುಂಪು, ಅವಧಿ ಮುಗಿಯುವ ದಿನ, ಹೊಂದಾಣಿಕೆ ಪರೀಕ್ಷೆಯ (ಕ್ರಾಸ್‌ಮ್ಯಾಚ್) ಚೀಟಿ, ಮಗುವಿನ ಕೈಪಟ್ಟಿಯ ಮೇಲಿನ ಆಸ್ಪತ್ರೆ ಸಂಖ್ಯೆ ಎಲ್ಲವನ್ನೂ ಬಾಯಿಬಿಟ್ಟು ಓದುತ್ತಾರೆ. ದೂರದ ಮೇಜಿನ ಬಳಿ ಓದಿಕೊಂಡು ಬಂದರೆ ಅದು ಲೆಕ್ಕಕ್ಕಿಲ್ಲ. ಇನ್ನೊಂದು ನಿಯಮವನ್ನು ಹೊಸಬರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ: "ಇವನು ಮಂಜುನಾಥ ತಾನೇ?" ಎಂದು ಕೇಳಬಾರದು, "ನಿನ್ನ ಹೆಸರೇನಪ್ಪಾ?" ಎಂದೇ ಕೇಳಬೇಕು. ಗಾಬರಿಯಲ್ಲಿರುವ ತಂದೆತಾಯಿ ಯಾವ ಹೆಸರು ಹೇಳಿದರೂ ಹೂಂ ಅಂದುಬಿಡುತ್ತಾರೆ. ಪಕ್ಕದ ಮಂಚದಲ್ಲೇ ಇನ್ನೊಬ್ಬ ಮಂಜುನಾಥ ಇರಬಹುದು.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಗುಂಪು ತಪ್ಪಿದ ರಕ್ತ ಒಂದೆರಡು ಚಮಚದಷ್ಟು ಒಳಹೋದರೂ ನಮ್ಮ ದೇಹದ ಪ್ರತಿಕಾಯಗಳು ಆ ಕಣಗಳ ಮೇಲೆ ಬಿದ್ದು ಒಡೆಯಲು ಶುರುಮಾಡುತ್ತವೆ. ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ ಸೋಲುತ್ತದೆ. ಅದಕ್ಕೇ ಮೊದಲ 15 ನಿಮಿಷ ಹನಿ ನಿಧಾನ, ಸಿಸ್ಟರ್ ಮಂಚ ಬಿಟ್ಟು ಕದಲುವುದಿಲ್ಲ. ನಾಡಿ, ಉಷ್ಣತೆ, ಬಿ.ಪಿ. ಬರೆದುಕೊಳ್ಳುತ್ತಲೇ ಮಗುವಿನ ಮುಖ ನೋಡುತ್ತಿರುತ್ತಾರೆ. ನಡುಕ, ಸೊಂಟನೋವು, ಸೂಜಿ ಹಾಕಿದ ನರದ ಉದ್ದಕ್ಕೂ ಉರಿ ಕಾಣಿಸಿದರೆ ಅಪಾಯದ ಸೂಚನೆ. ದೊಡ್ಡವರಾದರೆ ಕೆಲವೊಮ್ಮೆ "ಯಾಕೋ ಏನೋ ಆಗ್ತಿದೆ ಸಿಸ್ಟರ್" ಅನ್ನುತ್ತಾರೆ, ಅಷ್ಟೇ. ಅನುಭವಸ್ಥರು ಈ ಮಾತನ್ನು ಭಯವೆಂದು ತಳ್ಳಿಹಾಕುವುದಿಲ್ಲ, ವೈದ್ಯಕೀಯವಾಗಿಯೂ ಅದೊಂದು ಲಕ್ಷಣವೇ. ಕೂಡಲೇ ರಕ್ತ ನಿಲ್ಲಿಸಿ, ನಳಿಕೆ ಬದಲಿಸಿ ಸಲೈನ್ ಹರಿಯಬಿಟ್ಟು, ಡಾಕ್ಟರನ್ನು ಕರೆದು, ಚೀಲವನ್ನು ರಕ್ತನಿಧಿಗೆ ವಾಪಸು ಕಳಿಸುತ್ತಾರೆ. ಯಾವ ತೊಂದರೆಯೂ ಇಲ್ಲದಿದ್ದರೆ ಹನಿ ಜೋರು ಮಾಡಿ, ಫ್ರಿಜ್ಜಿನಿಂದ ಹೊರಬಂದ 4 ಗಂಟೆಯೊಳಗೆ ಚೀಲ ಮುಗಿಸಬೇಕು.

ಹೀಗೆ ಮತ್ತೆ ಮತ್ತೆ ರಕ್ತ ಪಡೆಯುವವರಲ್ಲಿ ಎ, ಬಿ, ಓ ಗುಂಪು ಸರಿಯಿದ್ದರೂ ಬೇರೆ ಸಣ್ಣ ಗುಂಪುಗಳ ವಿರುದ್ಧ ಪ್ರತಿಕಾಯ ಹುಟ್ಟಿಕೊಳ್ಳಬಹುದು. ಆಗ ಹೊಂದುವ ರಕ್ತ ಹುಡುಕುವುದೇ ದೊಡ್ಡ ಕೆಲಸ. ಹೊಸಕೋಟೆಯಿಂದ ಹೆದ್ದಾರಿಯಲ್ಲಿ ಮುಂದೆ ಸಿಗುವ ಕೋಲಾರದ ಕಥೆ ಇದಕ್ಕೆ ಸಂಬಂಧಪಟ್ಟದ್ದು. ಅಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾದ 38 ವರ್ಷದ ಮಹಿಳೆಯದು ಓ ಪಾಸಿಟಿವ್ ರಕ್ತ, ಯಾವ ಓ ಪಾಸಿಟಿವ್ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದಲ್ಲಿ ಅವರ ಕುಟುಂಬದ 20 ಜನರ ರಕ್ತ ಪರೀಕ್ಷಿಸಿದರೂ ಒಂದೂ ಕೂಡಿಬರಲಿಲ್ಲ. ಕೊನೆಗೆ ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು. ಹೊಂದಾಣಿಕೆ ತಪ್ಪಿಸಿದ್ದು ಜಗತ್ತಿನಲ್ಲಿ ಅದುವರೆಗೆ ಎಲ್ಲೂ ದಾಖಲಾಗದ ರಕ್ತಕಣದ ಗುರುತು, ಅಂದರೆ ಪ್ರತಿಜನಕವೆಂದು ತೀರ್ಮಾನವಾಗಿ, 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ಸಮ್ಮೇಳನದಲ್ಲಿ 'ಕ್ರಿಬ್' ಎಂಬ ಹೆಸರು ಪ್ರಕಟವಾಯಿತು. ಕ್ರೋಮರ್ ಎಂಬ ರಕ್ತಗುಂಪಿನ ವರ್ಗ, ಇಂಡಿಯಾ, ಬೆಂಗಳೂರು ಮೂರೂ ಸೇರಿದ ಹೆಸರದು. ಮಹಿಳೆಗೆ ಹೊರಗಿನ ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ನಡೆಯಿತು. ಪ್ರಯೋಗಾಲಯ ಎಷ್ಟೇ ದೊಡ್ಡದಿದ್ದರೂ ಅದರ ತೀರ್ಮಾನ ನಿಂತಿರುವುದು ಮಂಚದ ಬಳಿ ರಕ್ತದ ಮಾದರಿ ತುಂಬಿದ ಆ ಸಣ್ಣ ಕೊಳವೆಯ ಮೇಲೆ. ಕೊಳವೆಗೆ ಹೆಸರಿನ ಚೀಟಿಯನ್ನು ರೋಗಿಯ ಎದುರಲ್ಲೇ ಅಂಟಿಸಬೇಕು, ಮೊದಲೇ ಅಂಟಿಸಿಕೊಂಡು ಹೋಗಬಾರದು.

ಇನ್ನು ಕಬ್ಬಿಣದ ಮಾತು. ಒಂದು ಚೀಲ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ನಮ್ಮ ದೇಹ ದಿನಕ್ಕೆ ಹೊರಹಾಕಬಲ್ಲದ್ದು ಒಂದೆರಡು ಮಿಲಿಗ್ರಾಂ ಮಾತ್ರ. ತಿಂಗಳಿಗೆ ಎರಡು ಚೀಲ ಎಂದು ಹಿಡಿದರೂ ವರ್ಷಕ್ಕೆ ಸುಮಾರು 5 ಗ್ರಾಂ ಒಳಹೋಯಿತು. ಆರೋಗ್ಯವಂತ ದೊಡ್ಡವರ ಇಡೀ ಮೈಯಲ್ಲಿರುವ ಕಬ್ಬಿಣವೇ ಮೂರು ನಾಲ್ಕು ಗ್ರಾಂ. ಮಿಕ್ಕಿದ್ದು ಯಕೃತ್ತು, ಹೃದಯ, ಗ್ರಂಥಿಗಳಲ್ಲಿ ಕೂರುತ್ತದೆ. ಹುಡುಗಿ ಮೈನೆರೆಯುವುದು ತಡವಾಗುತ್ತದೆ, ಹುಡುಗ ಕುಳ್ಳಗೇ ಉಳಿಯುತ್ತಾನೆ, ಹರೆಯದಲ್ಲೇ ಹೃದಯ ಸೋಲಬಹುದು. ಇದನ್ನು ತಡೆಯಲು ಡೆಫೆರಸಿರಾಕ್ಸ್ ಮಾತ್ರೆಯನ್ನು ನೀರಿನಲ್ಲಿ ಕದಡಿ ದಿನವೂ ಕುಡಿಯಬೇಕು. ಹದಿನಾಲ್ಕು ಹದಿನೈದರ ವಯಸ್ಸಿಗೆ ಮಕ್ಕಳು ಅದನ್ನು ಕದ್ದು ಚೆಲ್ಲುತ್ತಾರೆ, ಮೈಯಲ್ಲಿ ಕೂತ ಕಬ್ಬಿಣ ತೋರಿಸುವ ಫೆರಿಟಿನ್ ವರದಿ ಅದನ್ನು ಹೇಳಿಬಿಡುತ್ತದೆ. ಆಗ ಬೈಯದೆ, ಹುಡುಗನನ್ನು ಪಕ್ಕಕ್ಕೆ ಕರೆದು ಮಾತಾಡಿಸುವ ಕೆಲಸವೂ ಸಿಸ್ಟರದ್ದೇ. ಅಜ್ಜಿಯರದ್ದು ಇನ್ನೊಂದು ಪ್ರೀತಿ. "ಮಗೀಗೆ ರಕ್ತ ಕಮ್ಮಿ" ಎಂದು ಖರ್ಜೂರ, ಈಲಿ ಸಾರು, ಅಂಗಡಿಯ ಟಾನಿಕ್ ತಿನ್ನಿಸಿ ಕುಡಿಸುತ್ತಾರೆ. ಥಲಸ್ಸೀಮಿಯಾ ಮಗುವಿಗೆ ಕಬ್ಬಿಣದ ಟಾನಿಕ್ ಕೊಡಲೇಬಾರದು. ಅಜ್ಜಿಯ ಮನಸ್ಸು ನೋಯದಂತೆ ಇದನ್ನು ಹೇಳಲು ನಮ್ಮ ಕಡೆಯ ಮಾತು ಬಲ್ಲ ಸಿಸ್ಟರೇ ಬೇಕು.

ಅಸ್ಥಿಮಜ್ಜೆ ಬತ್ತಿದ ಅಪ್ಲಾಸ್ಟಿಕ್ ಅನೀಮಿಯಾದವರದ್ದು, ರಕ್ತದ ಕ್ಯಾನ್ಸರಿನವರದ್ದು ಬೇರೆ ಎಚ್ಚರಿಕೆ. ಬಿಳಿ ಕಣ ಇಳಿದಾಗ ಸಣ್ಣ ಜ್ವರವೂ ತುರ್ತು ಸ್ಥಿತಿ. ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ನರಕ್ಕೆ ಹೋಗಬೇಕು. ಸೋಂಕಿನ ಭಯದಿಂದ ಊಟದಲ್ಲೂ ಎಚ್ಚರ: ಬಿಸಿ ಮುದ್ದೆ, ಕುದಿಸಿದ ಸಾರು ಆಗಬಹುದು, ಹಸಿ ಕೋಸಂಬರಿ ಬೇಡ. ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಮಾನ್ಯತೆ ಪಡೆದ ಹಣ್ಣು, ರೋಗಿಯನ್ನು ನೋಡಲು ಬರುವವರು ಅಕ್ಕರೆಯಿಂದ ತರುವಂಥದ್ದು. ಆದರೆ ಅಪ್ಲಾಸ್ಟಿಕ್ ಅನೀಮಿಯಾಕ್ಕೆಂದು ಸೈಕ್ಲೋಸ್ಪೋರಿನ್ ಮಾತ್ರೆ ತಿನ್ನುವವರಿಗೆ ಅದು ಆಗಬಾರದು. ಚಕ್ಕೋತದ ರಸ ಆ ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ.

ಇನ್ನು ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೋಫಿಲಿಯಾ ವಿಷಯದಲ್ಲಿ ಕರ್ನಾಟಕಕ್ಕೆ ದಾರಿ ತೋರಿದ್ದು ದಾವಣಗೆರೆ. ಸ್ವತಃ ಈ ಕಾಯಿಲೆಯೊಂದಿಗೆ ಬದುಕುತ್ತಿರುವ ವೈದ್ಯ ಡಾ. ಸುರೇಶ್ ಹನಗವಾಡಿ ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡುಗೋಲು ಕಣ ರೋಗ ಮೂರೂ ಸೇರಿವೆ. ಇದು ಗೊತ್ತಿಲ್ಲದೆ ಅಂಗವಿಕಲರ ಕಾರ್ಡು ಮಾಡಿಸಿಕೊಳ್ಳದ ಮನೆಗಳು ಇನ್ನೂ ಇವೆ.

ನಗರದ ವಾರ್ಡಿನ ಈ ತಿಳಿವಳಿಕೆ ತಾಲ್ಲೂಕು ಆಸ್ಪತ್ರೆಯ ಒಬ್ಬೊಬ್ಬ ಸಿಸ್ಟರಿಗಾದರೂ ದಾಟಬೇಕು. ಕೆಲವು ವಾರ ದೊಡ್ಡ ವಾರ್ಡಿನಲ್ಲಿ ಹಿರಿಯರ ಪಕ್ಕ ನಿಂತು ಕಲಿತರೆ ಸಾಕು, ದೊಡ್ಡ ಯಂತ್ರವೇನೂ ಬೇಕಿಲ್ಲ. ಹಿಮೋಫಿಲಿಯಾ ಹುಡುಗನೊಬ್ಬ ರಾತ್ರಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ನೆಲಮಂಗಲದ ಆಸ್ಪತ್ರೆಗೆ ಬಂದ ಎನ್ನಿ. ಅಂಥವನಿಗೆ ನೋವಿನ ಇಂಜೆಕ್ಷನ್ ಸೊಂಟಕ್ಕೆ ಚುಚ್ಚಬಾರದು, ಸ್ನಾಯುವಿನಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ. ಆಸ್ಪಿರಿನ್ ಕೊಡಬಾರದು. ಸ್ಕ್ಯಾನಿಗೆಂದು ಬೆಂಗಳೂರಿಗೆ ಆಂಬುಲೆನ್ಸ್ ಹತ್ತಿಸುವ ಮೊದಲು ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ನರಕ್ಕೆ ಹೋಗಬೇಕು. ಫ್ಯಾಕ್ಟರ್ ಮೊದಲು, ಸ್ಕ್ಯಾನ್ ಆಮೇಲೆ. ಆ ರಾತ್ರಿ ಪಾಳಿಯಲ್ಲಿರುವ ಸಿಸ್ಟರಿಗೆ ಇಷ್ಟು ಗೊತ್ತಿದ್ದರೆ ಹುಡುಗ ಬದುಕಿಕೊಳ್ಳುವ ಸಾಧ್ಯತೆ ಹೆಚ್ಚು.